ದ್ವಾದಶಿಯ ಹಸಿವು

ಹಸಿವೇ ಆಗದವನು ಏಕಾದಶಿ ಮಾಡಿದರೆ ಅದು ಉಪವಾಸವೇ?

ಪ್ರಶ್ನೆ ನನ್ನದಲ್ಲ, ಶ್ರೀನಿವಾಸಪುರದ ಮಾವಿನ ಮಂಡಿಯ ಸಾಹುಕಾರರೊಬ್ಬರದು. ಶನಿವಾರ ಮುಳಬಾಗಿಲಿನ ಆಂಜನೇಯನ ದರ್ಶನಕ್ಕೆ ಬಂದವರು ಹಾಗೇ ನನ್ನ ಮೆಡಿಕಲ್ ಸ್ಟೋರಿಗೂ ಬಂದು ಔಷಧಿ ಒಯ್ಯುವುದು ರೂಢಿ. ಅವತ್ತು ಅಂಗಡಿಯಲ್ಲಿ ಬೇರೆ ಗಿರಾಕಿ ಇಲ್ಲದ್ದು ನೋಡಿಕೊಂಡು ಕೌಂಟರಿಗೆ ಮೊಣಕೈ ಊರಿದರು. ನಮ್ಮ ಗಡಿಸೀಮೆಯಲ್ಲಿ ಮನಸ್ಸಿನ ಮಾತು ಶುರುವಾಗುವುದು ತೆಲುಗಿನಲ್ಲಿ. "ಆಕಲೇ ಲೇದು ಸಾರ್. ಏಕಾದಶಿ ದಿನ ಬೆಳಿಗ್ಗೆಯಿಂದ ರಾತ್ರಿ ತನಕ ನೀರು ಬಿಟ್ಟು ಏನೂ ತಗೊಂಡಿಲ್ಲ. ತಗೋಬೇಕು ಅಂತಾನೇ ಅನ್ನಿಸ್ಲಿಲ್ಲ. ನಮ್ಮಮ್ಮ ಮಾಡ್ತಿದ್ದಾಗ ಸಂಜೆ ಹೊತ್ತಿಗೆ ಗೋಡೆ ಹಿಡ್ಕೊಂಡು ಓಡಾಡೋಳು. ನಂಗೆ ಏನೂ ಆಗ್ಲಿಲ್ಲ. ಇದಕ್ಕೆ ಪುಣ್ಯ ಬರ್ತದಾ?"

ಸಕ್ಕರೆ ಕಾಯಿಲೆಯವರು ಉಪವಾಸದ ಮಾತೆತ್ತಿದರೆ ವೈದ್ಯರಿಗೆ ಹೇಳಿದ್ದೀರಾ ಎಂದು ಮೊದಲು ಕೇಳುವುದು ನನ್ನ ಅಭ್ಯಾಸ. ಹೇಳಿದ್ದರು. ಇನ್ನು ಪುಣ್ಯದ ವಿಷಯ. ಶ್ರೀಪಾದರಾಜರ ಮಠ ಊರ ಹೊರಗೇ ಇದೆ, ಅಲ್ಲಿ ವಿಚಾರಿಸಿ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅವರ ಹಸಿವನ್ನು ಕಳೆದದ್ದು ದೇವರೂ ಅಲ್ಲ, ರೋಗವೂ ಅಲ್ಲ. ಮೂವತ್ತೊಂದು ಅಮೈನೋ ಆಮ್ಲಗಳ ಒಂದು ಸರಪಳಿಗೆ ಮೂರು ಕಡೆ ಮಾಡಿದ ತಿದ್ದುಪಡಿ. ಸೆಮಾಗ್ಲುಟೈಡ್ ಅಂತ ಅದರ ಹೆಸರು, ವಾರಕ್ಕೊಂದು ಸೂಜಿ. ಆ ತಿದ್ದುಪಡಿ ಏನು ಮಾಡಿತು ಎಂದು ತಿಳಿಯದೆ ಮಠದವರು ತಾನೆ ಏನು ಹೇಳಿಯಾರು? ಬಿ.ಫಾರ್ಮ ಓದಿ ಅಪ್ಪನ ಅಂಗಡಿಗೆ ಕೂತವನು ನಾನು. ಈ ಅರ್ಧ ನನ್ನ ಪಾಲಿಗೇ ಬಂತು.

ಉಂಡ ಅನ್ನ ಸಣ್ಣ ಕರುಳು ಮುಟ್ಟುತ್ತಿದ್ದಂತೆ ಕರುಳಿನ ಗೋಡೆಯ ಕೆಲವು ಜೀವಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನು ಬಿಡುತ್ತವೆ. ಅದು ಮೇದೋಜೀರಕಕ್ಕೆ ಸಕ್ಕರೆ ಬರುತ್ತಿದೆ, ಇನ್ಸುಲಿನ್ ಬಿಡು ಎನ್ನುತ್ತದೆ. ಹೊಟ್ಟೆಗೆ ನಿಧಾನ ಎನ್ನುತ್ತದೆ. ಮಿದುಳಿಗೆ ಸಾಕು ಎನ್ನುತ್ತದೆ. ಹೀಗೆ ಹೇಳಿ ಮುಗಿಸುವಷ್ಟರಲ್ಲಿ ಅದರ ಕಥೆಯೂ ಮುಗಿಯುತ್ತದೆ. ಸರಪಳಿಯ ಎರಡನೆಯ ಸ್ಥಾನದಲ್ಲಿ ಅಲನಿನ್ ಇದೆ. ರಕ್ತದಲ್ಲೂ ರಕ್ತನಾಳದ ಗೋಡೆಯಲ್ಲೂ ಇರುವ ಡಿಪಿಪಿ-4 ಎಂಬ ಕಿಣ್ವ ಆ ಅಲನಿನ್ ಕಂಡ ಕೂಡಲೇ ತುದಿಯ ಎರಡು ಅಮೈನೋ ಆಮ್ಲಗಳನ್ನು ಕತ್ತರಿಸಿ ಹಾಕುತ್ತದೆ. ಉಳಿದ ತುಂಡನ್ನು ಮೂತ್ರಪಿಂಡ ಸೋಸಿ ತೆಗೆಯುತ್ತದೆ. ಇಡೀ ದಿನದಲ್ಲಿ ಸುಮಾರು 180 ಲೀಟರು ಸೋಸುವ ಅಂಗಕ್ಕೆ ಇಷ್ಟು ಸಣ್ಣ ಅಣು ಯಾವ ಲೆಕ್ಕ? ಜಿಎಲ್‌ಪಿ-1ರ ಅರ್ಧಾಯು ಹೆಚ್ಚೆಂದರೆ ಎರಡು ನಿಮಿಷ. ಅಂದರೆ ಎರಡು ನಿಮಿಷಕ್ಕೆ ಇದ್ದದ್ದರಲ್ಲಿ ಅರ್ಧ ಮಾಯ, ಮತ್ತೆರಡು ನಿಮಿಷಕ್ಕೆ ಉಳಿದದ್ದರಲ್ಲಿ ಅರ್ಧ.

ಇದನ್ನು ಓದಿದಾಗೆಲ್ಲ ನನಗೆ ಆಶ್ಚರ್ಯ ಆಗುವುದು ಕಿಣ್ವದ ಚುರುಕಿಗಲ್ಲ, ದೇಹದ ಧೋರಣೆಗೆ. 'ಸಾಕು' ಎಂಬುದನ್ನು ತಾನೇ ಹುಟ್ಟಿಸಿ ತಾನೇ ಅಳಿಸುತ್ತದೆ. ಇನ್ಸುಲಿನ್ನಿನದೂ ಅದೇ ಹಣೆಬರಹ. ರಕ್ತದಲ್ಲಿ ಅದರ ಅರ್ಧಾಯು ನಾಲ್ಕಾರು ನಿಮಿಷ, ಮೇದೋಜೀರಕ ಕಳಿಸಿದ್ದರಲ್ಲಿ ಸುಮಾರು ಅರ್ಧವನ್ನು ಯಕೃತ್ತು ಮೊದಲ ಸುತ್ತಿನಲ್ಲೇ ನುಂಗಿಬಿಡುತ್ತದೆ. ನಿಲ್ಲುವ ಸಂದೇಶ ದೇಹಕ್ಕೆ ಉಪಯೋಗವಿಲ್ಲ. ಮಧ್ಯಾಹ್ನದ ಮುದ್ದೆಗೆ ಹೇಳಿದ 'ಸಾಕು' ರಾತ್ರಿವರೆಗೆ ಉಳಿದರೆ ರಾತ್ರಿಯ ಊಟದ ಬಗ್ಗೆ ಹೇಳುವುದಕ್ಕೆ ಅದರ ಬಳಿ ಹೊಸದೇನೂ ಇರುವುದಿಲ್ಲ. ಔಷಧ ಮಾಡುವವರಿಗೆ ಮಾತ್ರ ಈ ಧೋರಣೆ ದೊಡ್ಡ ತಲೆನೋವು. ಎರಡು ನಿಮಿಷಕ್ಕೆ ಹೋಗುವುದನ್ನು ಯಾರು ಕೊಳ್ಳುತ್ತಾರೆ, ಯಾರು ಎಷ್ಟು ಸಲ ಚುಚ್ಚಿಕೊಳ್ಳುತ್ತಾರೆ?

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಏಕೆಂದರೆ ಸೂಜಿಗೂ ಧರ್ಮಕ್ಕೂ ನಮ್ಮ ಅಂಗಡಿಯಲ್ಲಿ ಹಳೆಯ ನಂಟು. ಅಪ್ಪನ ಕಾಲಕ್ಕೆ ಇನ್ಸುಲಿನ್ ಅಂದರೆ ದನದ ಅಥವಾ ಹಂದಿಯ ಮೇದೋಜೀರಕದಿಂದ ತೆಗೆದದ್ದು. ಸೀಸೆಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತಿತ್ತು. ಓದಬಲ್ಲವರು ಓದಿ ಅಪ್ಪನ ಮುಖ ನೋಡುತ್ತಿದ್ದರು. ಮಡಿವಂತ ಹಿರಿಯರೊಬ್ಬರು ಗೋವಿನದಾದರೆ ಬೇಡ ಅಂದರು. ಹೈದರ್ ವಲಿ ದರ್ಗಾ ಕಡೆಯ ಸಾಹೇಬರೊಬ್ಬರು ಹಂದಿಯದಾದರೆ ಬೇಡ ಅಂದರು. ಅಪ್ಪ ಒಬ್ಬರು ಬೇಡವೆಂದದ್ದನ್ನು ಇನ್ನೊಬ್ಬರಿಗೆ ಕೊಟ್ಟು ಇಬ್ಬರ ಪ್ರಾಣವನ್ನೂ ಉಳಿಸಿದರು. ಡೆನ್ಮಾರ್ಕಿನ ಹಾಗೆಡಾರ್ನ್ ಎಂಬಾತ 1946ರಲ್ಲಿ ಕೊಟ್ಟ ಎನ್‌ಪಿಎಚ್ ಇನ್ಸುಲಿನ್ನಿನಲ್ಲಿ, ಅದು ನಿಧಾನ ಕರಗಲಿ ಎಂದು ಬೆರೆಸಿದ ಪ್ರೋಟಮೀನ್ ಮೀನಿನ ವೀರ್ಯದಿಂದ ಬಂದದ್ದು. ಅದನ್ನು ಸೀಸೆಯ ಮೇಲೆ ಬರೆದಿರಲಿಲ್ಲ, ಯಾರೂ ಕೇಳಲೂ ಇಲ್ಲ. ಅಮೆರಿಕದಲ್ಲಿ 1982ರಲ್ಲಿ ಬ್ಯಾಕ್ಟೀರಿಯಾದಿಂದ ಮಾಡಿದ ಮಾನವ ಇನ್ಸುಲಿನ್ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟಿನಿಂದ ಮಾಡಿದ್ದನ್ನು ಮಾರುಕಟ್ಟೆಗೆ ತಂದಿತು. ಗೋವು, ಹಂದಿ ಎರಡೂ ಜಗಳದಿಂದ ಬಿಡುಗಡೆಯಾದವು.

ಆಮೇಲೆ ಶುರುವಾದದ್ದು ಆಯುಷ್ಯದ ಕೆಲಸ. ಗ್ಲಾರ್ಜಿನ್ ಎಂಬ ಇನ್ಸುಲಿನ್ನಿಗೆ ಬಿ-ಸರಪಳಿಯ ಕೊನೆಗೆ ಎರಡು ಅರ್ಜಿನಿನ್ ಸೇರಿಸಿ, ಎ-ಸರಪಳಿಯ 21ನೆಯ ಜಾಗದಲ್ಲಿ ಗ್ಲೈಸಿನ್ ಇಟ್ಟರು. ಚರ್ಮದಡಿ ಹೋದ ಕೂಡಲೇ ಅದು ಹೆಪ್ಪುಗಟ್ಟಿ ದಿನವಿಡೀ ಸ್ವಲ್ಪಸ್ವಲ್ಪವೇ ಬಿಡುಗಡೆಯಾಗುತ್ತದೆ. ಡೆಟೆಮಿರ್ ಎಂಬುದಕ್ಕೆ ಬಿ-ಸರಪಳಿಯ 29ನೆಯ ಲೈಸಿನ್ನಿಗೆ ಹದಿನಾಲ್ಕು ಇಂಗಾಲದ ಕೊಬ್ಬಿನಾಮ್ಲ ಅಂಟಿಸಿದರು. ಬಯೋಕಾನ್ ಅದೇ 29ನೆಯ ಲೈಸಿನ್ನಿಗೆ ಪಾಲಿಎಥಿಲೀನ್ ಗ್ಲೈಕಾಲ್ ಜಾತಿಯ ಸಣ್ಣ ಬಾಲ ಸೇರಿಸಿ ನುಂಗುವ ಇನ್ಸುಲಿನ್ ಮಾಡಲು ಹೊರಟಿತು. ಅಲ್ಲಿ ಗುರಿ ಬೇರೆ, ಹೊಟ್ಟೆಯ ಕಿಣ್ವಗಳಿಂದ ಪಾರಾಗಿ ಊಟದ ಹೊತ್ತಿಗೆ ಬೇಗ ಕೆಲಸ ಮಾಡಿ ಬೇಗ ಹೋಗುವುದು. 2011ರಲ್ಲಿ ಬಂದ ಮೂರನೇ ಹಂತದ ಫಲಿತಾಂಶ ಗುರಿ ಮುಟ್ಟಲಿಲ್ಲ. ನನಗೆ ಆ ಪ್ರಯತ್ನದ ಮೇಲೆ ಈಗಲೂ ಅಭಿಮಾನ. ಎಲ್ಲರೂ ಇರುವುದನ್ನು ಕಲಿಸುತ್ತಿದ್ದಾಗ ಅವರು ಹೋಗುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಈ ದೀರ್ಘಾಯು ಇನ್ಸುಲಿನ್ನುಗಳ ಬಗ್ಗೆ ನನಗೆ ಧರ್ಮಸಂಕಟವೇನೂ ಇಲ್ಲ. ಆರೋಗ್ಯವಂತನ ಮೇದೋಜೀರಕ ಊಟವಿಲ್ಲದ ಹೊತ್ತಿನಲ್ಲೂ, ನಿದ್ದೆಯಲ್ಲೂ, ಹನಿಹನಿಯಾಗಿ ಇನ್ಸುಲಿನ್ ಬಿಡುತ್ತಲೇ ಇರುತ್ತದೆ. ಗ್ಲಾರ್ಜಿನ್ ಅದನ್ನೇ ಅನುಕರಿಸುತ್ತದೆ. ಅಣು ಬದಲಾದರೂ ರೂಢಿ ದೇಹದ್ದೇ. ಎನ್‌ಪಿಎಚ್ ಕಾಲದಲ್ಲಿ ಏಕಾದಶಿ ಎಂದರೆ ನನಗೆ ದಿಗಿಲು. ಬೆಳಿಗ್ಗೆ ಚುಚ್ಚಿಕೊಂಡದ್ದು ಮಧ್ಯಾಹ್ನದ ಹೊತ್ತಿಗೆ ಶಿಖರಕ್ಕೇರುತ್ತಿತ್ತು, ಹೊಟ್ಟೆಯಲ್ಲಿ ಅನ್ನವಿಲ್ಲ, ಬೆವರಿ ಬಿದ್ದವರನ್ನು ಆಟೋದಲ್ಲಿ ಕರೆತರುತ್ತಿದ್ದರು. ಗ್ಲಾರ್ಜಿನ್ನಿಗೆ ಅಂಥ ಶಿಖರವಿಲ್ಲ. ವೈದ್ಯರು ಪ್ರಮಾಣ ಇಳಿಸಿಕೊಟ್ಟರೆ ಹಲವರಿಗೆ ಉಪವಾಸವೂ ನಡೆಯುತ್ತದೆ, ರೋಜಾವೂ ನಡೆಯುತ್ತದೆ.

ಸಾಹುಕಾರರ ಸೂಜಿ ಬೇರೆ ಜಾತಿ. ಅದರ ವಂಶದಲ್ಲಿ ಮೊದಲು ಔಷಧವಾದದ್ದು ಒಂದು ಹಲ್ಲಿಯಿಂದ. ಅಮೆರಿಕದ ಮರುಭೂಮಿಯ ಗೀಲಾ ಮಾನ್‌ಸ್ಟರ್, ವಿಷದ ಹಲ್ಲಿ, ವರ್ಷಕ್ಕೆ ಕೆಲವೇ ಸಲ ಉಣ್ಣುವ ಪ್ರಾಣಿ. ಅದರ ಜೊಲ್ಲಿನ ವಿಷದಲ್ಲಿ ಜಾನ್ ಎಂಗ್ ಎಂಬ ವೈದ್ಯರು ಜಿಎಲ್‌ಪಿ-1ನ್ನು ಹೋಲುವ ಪೆಪ್ಟೈಡ್ ಕಂಡರು, 1992ರಲ್ಲಿ ಪ್ರಕಟಿಸಿದರು. ಅದರ ಎರಡನೆಯ ಸ್ಥಾನದಲ್ಲಿ ಅಲನಿನ್ ಬದಲು ಗ್ಲೈಸಿನ್ ಇದೆ. ಡಿಪಿಪಿ-4ಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಅರ್ಧಾಯು ಎರಡು ನಿಮಿಷದಿಂದ ಎರಡು ಗಂಟೆ ದಾಟಿತು. 2005ರಲ್ಲಿ ಎಕ್ಸೆನಟೈಡ್ ಎಂಬ ಹೆಸರಿನಲ್ಲಿ ಔಷಧವಾಯಿತು. ಉಪವಾಸದ ವಿಷಯದಲ್ಲಿ ನಮ್ಮ ಯಾವ ಯತಿಗೂ ಕಡಿಮೆಯಿಲ್ಲದ ಪ್ರಾಣಿಯಿಂದಲೇ ಹಸಿವಿನ ಔಷಧದ ಕಥೆ ಶುರುವಾಯಿತೆಂಬುದು ಪುರಾಣಿಕರಿಗೆ ಸಿಗಬೇಕಾದ ಸಾಮಗ್ರಿ.

ಕಿಣ್ವದಿಂದ ತಪ್ಪಿಸಿಕೊಂಡರೂ ಮೂತ್ರಪಿಂಡ ಬಿಡಬೇಕಲ್ಲ. ಅದಕ್ಕೆ ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಕಂಪನಿಯಲ್ಲಿ ಲೊಟ್ಟೆ ಬ್ಯೆರೆ ಕ್ನುಡ್ಸೆನ್ ಮತ್ತು ಅವರ ತಂಡದವರು ಹುಡುಕಿದ ದಾರಿ ಕೊಬ್ಬಿನ ಬಾಲ. ರಕ್ತದಲ್ಲಿ ಅಲ್ಬುಮಿನ್ ಎಂಬ ದೊಡ್ಡ ಪ್ರೋಟೀನು ಓಡಾಡುತ್ತಿರುತ್ತದೆ. ಮೂತ್ರಪಿಂಡದ ಜರಡಿಯಲ್ಲಿ ಅದು ಇಳಿಯುವುದಿಲ್ಲ, ಸುಮಾರು ಮೂರು ವಾರ ಬಾಳುತ್ತದೆ, ಕೊಬ್ಬಿನಾಮ್ಲಗಳನ್ನು ಹೊತ್ತು ತಿರುಗುವುದು ಅದರ ಕಸುಬು. ಕೋಲಾರದಿಂದ ಮುಳಬಾಗಿಲಿಗೆ ಬರುವ ಸಂಜೆಯ ಬಸ್ಸಿನ ಫುಟ್‌ಬೋರ್ಡಿಗೆ ಕಾಲೇಜು ಹುಡುಗರು ನೇತುಬೀಳುವ ಹಾಗೆ ಪೆಪ್ಟೈಡು ತನ್ನ ಕೊಬ್ಬಿನ ಬಾಲದಿಂದ ಅಲ್ಬುಮಿನ್ನಿಗೆ ನೇತುಬೀಳುತ್ತದೆ. ಬಸ್ಸು ಇಳಿಯದ ಕಡೆ ಅದೂ ಇಳಿಯುವುದಿಲ್ಲ. ಲಿರಾಗ್ಲುಟೈಡಿಗೆ ಹದಿನಾರು ಇಂಗಾಲದ ಬಾಲ, ಅರ್ಧಾಯು ಹದಿಮೂರು ಗಂಟೆ, ದಿನಕ್ಕೊಂದು ಸೂಜಿ. ಸೆಮಾಗ್ಲುಟೈಡಿಗೆ ಹದಿನೆಂಟು ಇಂಗಾಲದ, ತುದಿಯಲ್ಲೂ ಆಮ್ಲವಿರುವ ಬಾಲ, ನಡುವೆ ಉದ್ದನೆಯ ಕೊಂಡಿ. ಜೊತೆಗೆ ಅಲನಿನ್ ಇದ್ದ ಎರಡನೆಯ ಸ್ಥಾನದಲ್ಲಿ ಕಿಣ್ವಕ್ಕೆ ಹಲ್ಲು ಊರಲಾಗದ ಬೇರೊಂದು ಅಮೈನೋ ಆಮ್ಲ. ಇನ್ನೊಂದು ಲೈಸಿನ್ನಿನ ಜಾಗಕ್ಕೆ ಅರ್ಜಿನಿನ್, ಬಾಲ ತಪ್ಪಾದ ಕಡೆ ಅಂಟದಿರಲಿ ಎಂದು. ಅರ್ಧಾಯು ಸುಮಾರು ಏಳು ದಿನ. ಎರಡು ನಿಮಿಷದ್ದು ಏಳು ದಿನವಾಯಿತು.

ಗಮನಿಸಿ, ಇಲ್ಲಿ 'ಸಾಕು' ಎಂಬ ಮಾತು ಬಹುಮಟ್ಟಿಗೆ ದೇಹದ ಹಳೆಯ ಮಾತೇ. ಜಿಎಲ್‌ಪಿ-1 ಹೋಗಿ ಕೂರುವ ಗ್ರಾಹಿಯಲ್ಲೇ ಇದೂ ಕೂರುತ್ತದೆ. ರಸಾಯನಶಾಸ್ತ್ರಜ್ಞರ ಚಮತ್ಕಾರವೆಲ್ಲ ಅದರ ಹೋಗುವಿಕೆಯನ್ನು ತಡೆದದ್ದರಲ್ಲಿದೆ. ಇನ್ಸುಲಿನ್ನಿನ ಕಥೆಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದು ಇಲ್ಲಿ. ದಿನವಿಡೀ ಇರುವ ಇನ್ಸುಲಿನ್ ದೇಹಕ್ಕೆ ಪರಿಚಿತ. ವಾರವಿಡೀ ಇರುವ ತೃಪ್ತಿ ಯಾವ ಮನುಷ್ಯನ ದೇಹಕ್ಕೂ ಎಂದೂ ಪರಿಚಿತವಾಗಿರಲಿಲ್ಲ. ಸಾಹುಕಾರರು ಶನಿವಾರ ಸೂಜಿ ಹಾಕಿಕೊಂಡರೆ ಮುಂದಿನ ಶನಿವಾರದವರೆಗೂ ಅವರ ಪಾಲಿಗೆ ಆಗ ತಾನೆ ಎಲೆಯಿಂದ ಎದ್ದ ಹೊತ್ತು.

ಹಾಗಾದರೆ ಇದು ವೈರಾಗ್ಯವೇ? ನಮ್ಮ ಹಿರಿಯರು ವೈರಾಗ್ಯಗಳನ್ನು ಹಾಸ್ಯದಿಂದಲೇ ವಿಂಗಡಿಸಿಟ್ಟಿದ್ದಾರೆ. ಹೆರಿಗೆ ನೋವಿನಲ್ಲಿ ಬರುವುದು ಪ್ರಸೂತಿ ವೈರಾಗ್ಯ, ಸುಡುಗಾಡಿನಲ್ಲಿ ಬರುವುದು ಸ್ಮಶಾನ ವೈರಾಗ್ಯ, ಹರಿಕಥೆ ಕೇಳುವಾಗ ಬರುವುದು ಪುರಾಣ ವೈರಾಗ್ಯ. ಮೂರಕ್ಕೂ ಆಯುಷ್ಯ ಕಡಿಮೆ ಎಂಬುದೇ ತಮಾಷೆ. ಇವಕ್ಕೆ ಸೂಜಿ ವೈರಾಗ್ಯವನ್ನೂ ಸೇರಿಸಬಹುದು, ಅದರ ಆಯುಷ್ಯವನ್ನು ಮಾತ್ರ ವಾರದ ಲೆಕ್ಕದಲ್ಲಿ ಹೇಳಬಹುದು. ಸ್ಟೆಪ್-1 ಎಂಬ ದೊಡ್ಡ ಪರೀಕ್ಷೆಯಲ್ಲಿ 68 ವಾರ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ ಸರಾಸರಿ ಶೇಕಡ 14.9ರಷ್ಟು ಇಳಿಯಿತು. ಸೂಜಿ ನಿಲ್ಲಿಸಿದ ವರ್ಷದೊಳಗೆ ಇಳಿದದ್ದರಲ್ಲಿ ಮೂರನೇ ಎರಡು ಪಾಲು ಮರಳಿ ಬಂತು. ಕೊನೆಯ ಸೂಜಿಯ ಮೇಲೆ ಐದಾರು ವಾರ ಕಳೆದರೆ ಔಷಧ ಹೆಚ್ಚುಕಮ್ಮಿ ಖಾಲಿ. ಆಸೆ ಅಷ್ಟೂ ದಿನ ಎಲ್ಲಿ ಕಾದಿತ್ತೋ ಅಲ್ಲಿಂದ ಎದ್ದು ಬರುತ್ತದೆ.

ಇಲ್ಲಿ ಗೀತೆಯ ಎರಡನೆಯ ಅಧ್ಯಾಯದ 59ನೆಯ ಶ್ಲೋಕ ನೆನಪಾಗದೆ ಇರದು. ನಮ್ಮೂರಿನವರೇ ಆದ ಡಿ.ವಿ. ಗುಂಡಪ್ಪನವರ 'ಜೀವನಧರ್ಮಯೋಗ' ಅಂಗಡಿಯ ಕಪಾಟಿನಲ್ಲೇ ಇದೆ, ಬಿಡುವಾದಾಗ ತೆಗೆಯುತ್ತೇನೆ. ಶ್ಲೋಕದ ಮಾತು ಇಷ್ಟು. ಆಹಾರ ಬಿಟ್ಟವನಿಂದ ವಿಷಯಗಳು ಹಿಂದೆ ಸರಿಯುತ್ತವೆ, ಆದರೆ ಅವುಗಳ ಮೇಲಿನ ಚಪಲ ಒಳಗೆ ಉಳಿಯುತ್ತದೆ. ಪರಮವಾದದ್ದನ್ನು ಕಂಡಮೇಲೆ ಅದೂ ಹೋಗುತ್ತದೆ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತ ಮೀನಿನಿಂದ ಕಲಿತ ಪಾಠವೂ ಇದಕ್ಕೆ ಹತ್ತಿರದ್ದು. ಉಪವಾಸದಿಂದ ಉಳಿದ ಇಂದ್ರಿಯಗಳನ್ನು ಗೆಲ್ಲಬಹುದು, ನಾಲಿಗೆ ಮಾತ್ರ ಉಪವಾಸದಿಂದ ಇನ್ನೂ ಬೆಳೆಯುತ್ತದೆ.

ಇದು ಎಷ್ಟು ನಿಜ ಎಂದು ಮಾಧ್ವರ ಮನೆಯಲ್ಲಿ ಹುಟ್ಟಿದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಏಕಾದಶಿ ರಾತ್ರಿ ನಮ್ಮ ಮನೆಯ ಜಗಲಿಯಲ್ಲಿ ನಡೆಯುತ್ತಿದ್ದ ಸಂಭಾಷಣೆಯನ್ನು ಯಾವ ಹೋಟೆಲಿನವನು ಕೇಳಿದ್ದರೂ ಮೆನು ಬರೆದುಕೊಳ್ಳುತ್ತಿದ್ದ. ಅಗಸೆಸೊಪ್ಪಿನ ಪಲ್ಯಕ್ಕೆ ಕಾಯಿ ಎಷ್ಟು, ನೆಲ್ಲಿಕಾಯಿ ಚಟ್ನಿಯೋ ತಂಬುಳಿಯೋ, ದೋಸೆ ಹಿಟ್ಟು ಉಬ್ಬಿದೆಯೋ ಇಲ್ಲವೋ. ಚಿಕ್ಕಪ್ಪ ಒಬ್ಬರು ಹಗಲೆಲ್ಲ ವಿಷ್ಣುಸಹಸ್ರನಾಮ ಹೇಳಿ ರಾತ್ರಿ ಒಂಬತ್ತಕ್ಕೆ ಮುಳಬಾಗಿಲು ದೋಸೆಯ ಗುಣಗಾನಕ್ಕೆ ತೊಡಗುತ್ತಿದ್ದರು, ಅದರ ದಪ್ಪ, ಅದರ ಮೇಲೆ ಕರಗುವ ಬೆಣ್ಣೆ, ಒಳಗೆ ಸವರುವ ಕೆಂಪು ಚಟ್ನಿ. ದ್ವಾದಶಿ ಮುಂಜಾನೆ ಕತ್ತಲಿರುವಾಗಲೇ ಪಾರಣೆಗೆ ಎಲೆ ಹಾಕಿಸುವ ಆತುರ ಭಕ್ತಿಯದು ಎಂದು ಹೇಳಿದರೆ ದೇವರೂ ನಕ್ಕಾನು.

ಸಾಹುಕಾರರಿಗೆ ಆದದ್ದು ಇದರ ತಿರುವುಮುರುವು. ಶ್ಲೋಕದಲ್ಲಿ ಊಟ ಮೊದಲು ಹೋಗುತ್ತದೆ, ಚಪಲ ಕೊನೆಗೆ. ಇವರಿಗೆ ಚಪಲ ಮೊದಲು ಹೋಯಿತು, ಯಾವ ದರ್ಶನವೂ ಇಲ್ಲದೆ, ಬೆಂಗಳೂರಿನ ವೈದ್ಯರ ಚೀಟಿಯಿಂದ. ಊಟ ಎದುರಿಗೇ ಇದೆ. "ರುಚಿ ಗೊತ್ತಾಗ್ತದೆ, ಬೇಕು ಅನ್ಸಲ್ಲ" ಎಂದು ಅವರು ಹೇಳಿದ್ದು ಶಾಸ್ತ್ರಿಗಳ ವ್ಯಾಖ್ಯಾನಕ್ಕಿಂತ ಸ್ಪಷ್ಟವಾಗಿತ್ತು. ಹಾಗಾದರೆ ನಮ್ಮ ಚಿಕ್ಕಪ್ಪನಿಗಿಂತ ಇವರೇ ಮುಂದೆ ಹೋದಂತಲ್ಲವೇ? ಪರಿಚಯದ ಆಚಾರ್ಯರೊಬ್ಬರನ್ನು ಕೇಳಿದೆ. ಸಂಕಲ್ಪ ಮಾಡಿ ಉಣ್ಣದಿದ್ದರೆ ವ್ರತ ಸಂದಿತು, ಹಸಿವಾಯಿತೇ ಎಂದು ದೇವರು ಲೆಕ್ಕ ಇಡುವುದಿಲ್ಲ, ಜ್ವರ ಬಂದು ಬಾಯಿ ಕಹಿಯಾದವನು ಏಕಾದಶಿ ಮಾಡುವುದಿಲ್ಲವೇ ಅಂದರು. ಉತ್ತರ ಸರಿಯೇ. ಆದರೂ ಸಾಹುಕಾರರ ಅಳುಕು ಅದರಲ್ಲಿ ಮುಗಿಯಲಿಲ್ಲ, ನನ್ನದೂ.

ಎಳೆ ಸಿಕ್ಕಿದ್ದು ಇನ್ನೊಬ್ಬ ಗಿರಾಕಿಯಿಂದ. ಉರ್ದು ಶಾಲೆಯ ನಿವೃತ್ತ ಮೇಷ್ಟ್ರು, ಅವರಿಗೂ ಇದೇ ವಾರದ ಸೂಜಿ. ಚುಚ್ಚುಮದ್ದಿನಿಂದ ರೋಜಾ ಮುರಿಯದು ಎಂದು ಬಹುತೇಕ ಉಲೇಮಾಗಳು ಹೇಳುತ್ತಾರೆ, ಆ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ. ರಂಜಾನ್ ಮುಗಿಸಿ ಬಂದವರು ಹೇಳಿದ್ದು ಬೇರೆ. "ಹಗಲು ಆರಾಮಾಗಿ ಹೋಯ್ತು. ಕಷ್ಟ ಆದದ್ದು ಸಂಜೆ. ಖರ್ಜೂರ ಕೈಲಿಟ್ಕೊಂಡು ಅಜಾನ್‌ಗೆ ಕಾಯ್ತಾ ಕೂತಿರ್ತಿದ್ದೆ, ಆದ್ರೆ ನಾನು ಕಾಯ್ತಾನೇ ಇರ್ಲಿಲ್ಲ. ಬಾಯಿಗೆ ಹಾಕ್ಕೊಂಡ್ರೆ ಖರ್ಜೂರ ಖರ್ಜೂರದ ಹಾಗೇ ಇತ್ತು, ಅಷ್ಟೆ. ಐವತ್ತು ವರ್ಷದಿಂದ ಆ ಒಂದು ಗಳಿಗೆಗೆ ಶುಕ್ರ್, ದೇವರಿಗೆ ಕೃತಜ್ಞತೆ, ಅನ್ನೋದು ತಾನಾಗೇ ಬರ್ತಿತ್ತು. ಈ ಸಲ ನೆನಪು ಮಾಡ್ಕೊಂಡು ಹೇಳ್ಬೇಕಾಯ್ತು."

ಅಂದರೆ ನಾವು ತಪ್ಪು ದಿನವನ್ನು ನೋಡುತ್ತಿದ್ದೆವು. ಸೂಜಿಯಿಂದ ಕೆಡುವುದು ಏಕಾದಶಿಯಲ್ಲ, ದ್ವಾದಶಿ. ಹಸಿವಿಲ್ಲದವನಿಗೆ ಬಿಡುವುದು ಸುಲಭ, ಮತ್ತೆ ಸ್ವೀಕರಿಸುವುದು ಕಷ್ಟ. ನಮ್ಮ ಪರಂಪರೆ ಉಪವಾಸಕ್ಕೆ ಎಷ್ಟು ನಿಯಮ ಇಟ್ಟಿದೆಯೋ ಅದನ್ನು ಮುರಿಯುವುದಕ್ಕೂ ಅಷ್ಟೇ ಇಟ್ಟಿದೆ. ದ್ವಾದಶಿಯ ಹೊತ್ತು ಮೀರುವ ಮೊದಲು ಪಾರಣೆ ಆಗಬೇಕು, ಉಣ್ಣದೆ ಹಾಗೇ ಮುಂದುವರಿಸುತ್ತೇನೆ ಎನ್ನುವವನಿಗೆ ಮನ್ನಣೆ ಇಲ್ಲ. ಚಾತುರ್ಮಾಸ್ಯದ ನಾಲ್ಕು ತಿಂಗಳೂ ಹೀಗೇ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಆಮೇಲೆ ಕ್ಷೀರವ್ರತ, ಕೊನೆಗೆ ದ್ವಿದಳವ್ರತ, ಬೇಳೆಕಾಳಿಲ್ಲ. ಒಂದನ್ನು ಬಿಡುವ ದಿನವೇ ಹಿಂದಿನದು ಎಲೆಗೆ ಮರಳುತ್ತದೆ. ಶಾಕವ್ರತ ಮುಗಿದ ದಿನ ನಮ್ಮಮ್ಮ ಮಾಡುತ್ತಿದ್ದ ಬದನೆಕಾಯಿ ಗೊಜ್ಜನ್ನು ಉಳಿದ ಹನ್ನೊಂದು ತಿಂಗಳ ಯಾವ ಬದನೆಕಾಯಿಯೂ ಸರಿಗಟ್ಟಲಿಲ್ಲ. ವ್ರತಗಳನ್ನು ಮಾಡಿದವರಿಗೆ ಆಸೆಯನ್ನು ಕೊಲ್ಲುವ ಹಟ ಇದ್ದಂತೆ ನನಗೆ ಕಾಣುವುದಿಲ್ಲ. ಆಸೆಯನ್ನು ಕಳಿಸಿ, ಗೊತ್ತಾದ ತಿಥಿಗೆ ವಾಪಸು ಕರೆಸುವ ಕೆಲಸ ಅವರದು. ದೇಹ ಎರಡು ನಿಮಿಷಕ್ಕೊಮ್ಮೆ ಮಾಡುವುದನ್ನೇ ಪಂಚಾಂಗ ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಮಾಡುತ್ತದೆ.

ಈ ಮಾತಿಗೆ ಸಾಕ್ಷಿ ಬೇಕಿದ್ದರೆ ದೂರ ಹೋಗಬೇಕಿಲ್ಲ. ನರಸಿಂಹತೀರ್ಥದಲ್ಲಿ ವೃಂದಾವನಸ್ಥರಾದ ಶ್ರೀಪಾದರಾಜರು ಹದಿನೈದನೆಯ ಶತಮಾನದ ಯತಿಗಳು, ದಾಸಸಾಹಿತ್ಯದ ಆದ್ಯರಲ್ಲಿ ಒಬ್ಬರು, ವ್ಯಾಸರಾಯರಿಗೆ ಪಾಠ ಹೇಳಿದವರು. ಪರಂಪರೆಯಲ್ಲಿ ಅವರ ಕಥೆ ಬಂದಾಗೆಲ್ಲ ಆಭರಣ, ಪಟ್ಟೆ, ರಾಜೋಪಚಾರ, ಬಗೆಬಗೆಯ ಶಾಕಪಾಕಗಳ ನೈವೇದ್ಯ ಬರುತ್ತದೆ. ಯತಿಗೆ ಇದೆಲ್ಲ ಏಕೆ ಎಂದು ಆಗಲೂ ಹುಬ್ಬೇರಿಸಿದವರಿದ್ದರಂತೆ. ಏಕಾದಶಿಗೆ ಪೂರ್ಣ ಉಪವಾಸ, ದ್ವಾದಶಿಗೆ ದೇವರಿಗೆ ಎಡೆ ಮಾಡಿದ್ದನ್ನು ಸಂತೋಷದಿಂದ ಉಣ್ಣುವುದು, ಎರಡೂ ಒಬ್ಬರಲ್ಲೇ. ಅವರ ವೈರಾಗ್ಯವನ್ನು ಅನುಮಾನಿಸಿದ ಶಿಷ್ಯಪರಂಪರೆ ಇಲ್ಲ. ಬೇಡ ಎನ್ನಿಸುವುದೇ ವೈರಾಗ್ಯವಾಗಿದ್ದರೆ ನಮ್ಮೂರ ಮಠಕ್ಕೆ ಈ ಹೆಸರು ಬರುತ್ತಿರಲಿಲ್ಲ.

ಇಷ್ಟೆಲ್ಲ ಬರೆದು ಸೂಜಿ ಬೇಡವೆಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬಾರದು. ಕೋಲಾರದಲ್ಲಿ ಪ್ರಾಕ್ಟೀಸು ಮಾಡುವ ಯುವ ವೈದ್ಯೆಯೊಬ್ಬರ ಹತ್ತಿರ ಈ ವಿಷಯ ಎತ್ತಿದಾಗ ಆಕೆ ಸಿಟ್ಟಾದರು. "ಹಸಿವನ್ನ ಹೊಗಳೋರು ಯಾವಾಗಲೂ ಹೊಟ್ಟೆ ತುಂಬಿದೋರೇ. ಮಂಡಿನೋವಿಂದ ಕೂತಲ್ಲೇ ಕೂತಿರೋ ಹೆಂಗಸಿಗೆ ಈ ಔಷಧ ಮೂವತ್ತು ಮೆಟ್ಟಿಲು ಹತ್ತೋದು ಕೊಡುತ್ತೆ. ಅವಳಿಗೆ ದ್ವಾದಶಿ ಪಾಠ ಹೇಳ್ತೀರಾ?" ಹೇಳುವುದಿಲ್ಲ. ಬರಗಾಲ ಕಂಡ ಸೀಮೆ ಇದು. ಹಸಿವನ್ನು ವ್ರತ ಎಂದು ಆರಿಸಿಕೊಳ್ಳುವ ಅದೃಷ್ಟ ಇಲ್ಲದವರು ನಮ್ಮ ಅಜ್ಜಿಯರಲ್ಲೇ ಇದ್ದರು, ಅವರ ಹಸಿವಿಗೆ ಯಾವ ಪುಣ್ಯವೂ ಬರಲಿಲ್ಲ. ತಲೆಯಲ್ಲಿ ಹಗಲೂ ರಾತ್ರಿ ತಿಂಡಿಯ ಗದ್ದಲವೇ ತುಂಬಿ ಅದರಿಂದ ನರಳುವವರಿಗೆ ಆ ಗದ್ದಲ ನಿಲ್ಲುವುದು ಬಿಡುಗಡೆಯೇ. ಭಾರತದಲ್ಲಿ ಸೆಮಾಗ್ಲುಟೈಡಿನ ಪೇಟೆಂಟ್ ಅವಧಿ 2026ರ ಮಾರ್ಚಿನವರೆಗೆ. ಬೆಲೆ ಇಳಿದಷ್ಟೂ ಮಾಲೂರಿನ ಕಾರ್ಖಾನೆಯವರೂ ಕೋಲಾರದ ಟೊಮ್ಯಾಟೋ ಮಂಡಿಯವರೂ ಕೇಳಿಕೊಂಡು ಬರುತ್ತಾರೆ. ವೈದ್ಯರ ಚೀಟಿ ಇದ್ದರೆ ಕೊಡುತ್ತೇನೆ, ಇಲ್ಲದಿದ್ದರೆ ಕೊಡುವುದಿಲ್ಲ. ಉಳಿದದ್ದು ವಿಚಾರ, ಅದನ್ನು ಸೀಸೆಯ ಜೊತೆ ಕಟ್ಟಿಕೊಡುವ ಹಾಗಿಲ್ಲ.

ಸಾಹುಕಾರರ ತೊಡಕು ಕೊನೆಗೆ ಧರ್ಮದ ಕಡೆಯಿಂದ ಬಿಗಿಯಾಗಲಿಲ್ಲ, ಕಸುಬಿನ ಕಡೆಯಿಂದ ಆಯಿತು. ಮಾವಿನ ಸುಗ್ಗಿ ಹತ್ತಿರವಾಗುತ್ತಿದ್ದಂತೆ ಅವರಿಗೆ ಹೆದರಿಕೆ ಹತ್ತಿತು. ಬೇನಿಷಾ, ರಸಪುರಿ, ಬಾದಾಮಿ, ಮಲ್ಲಿಕಾ ಯಾವುದೇ ಆಗಲಿ, ಒಂದು ಹಣ್ಣು ಕೊಯ್ದು ನಾಲಿಗೆಗಿಟ್ಟು ಲಾಟಿಗೆ ಬೆಲೆ ಹೇಳುವವರು ಅವರು. "ಬೇಕು ಅನ್ನಿಸ್ದೆ ಬೆಲೆ ಹೆಂಗೆ ಕಟ್ಲಿ ಸಾರ್?" ಎಂದರು. ವೈದ್ಯರೊಡನೆ ಮಾತಾಡಿ, ಸಕ್ಕರೆಗೆ ಬೇರೆ ಮಾತ್ರೆ ಬರೆಸಿಕೊಂಡು, ಮೇ ತಿಂಗಳಿಗೆ ಸರಿಯಾಗಿ ಔಷಧ ಮೈಯಿಂದ ಇಳಿಯುವಂತೆ ಕೊನೆಯ ಸೂಜಿಯ ದಿನ ಗೊತ್ತು ಮಾಡಿಕೊಂಡರು. ಸುಗ್ಗಿಯ ಕೊನೆಗೆ ಬರುವ ನೀಲಂ ಮುಗಿದ ಮೇಲೆ ಮತ್ತೆ ಶುರು ಎಂಬ ಕರಾರು. ಆ ನಡುವೆ ತೂಕ ಏರುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಅರ್ಧಾಯುವನ್ನು ತಿಥಿಯ ಹಾಗೆ ಎಣಿಸಿದ ಮೊದಲ ಗಿರಾಕಿ ಅವರೇ ಇರಬೇಕು.

ಔಷಧ ಕಂಪನಿಗಳು ಈಗ ತಿಂಗಳಿಗೊಂದೇ ಸೂಜಿಯ ಅಣುಗಳನ್ನು ಪರೀಕ್ಷಿಸುತ್ತಿವೆ. ಇಪ್ಪತ್ತು ಇಂಗಾಲದ ಬಾಲದ ವಾರದ ಇನ್ಸುಲಿನ್ನಿಗೆ ಯುರೋಪಿನಲ್ಲಿ 2024ರಲ್ಲೇ ಒಪ್ಪಿಗೆ ಸಿಕ್ಕಿದೆ. ಅದೇ ವರ್ಷ ನೇಚರ್ ಪತ್ರಿಕೆಯಲ್ಲಿ ಇನ್ನೊಂದು ದಿಕ್ಕಿನ ಕೆಲಸವೂ ಬಂತು. ರಕ್ತದಲ್ಲಿ ಸಕ್ಕರೆ ಏರಿದಾಗ ಚುರುಕಾಗಿ, ಇಳಿದಾಗ ತಾನೇ ತಣ್ಣಗಾಗುವ ಇನ್ಸುಲಿನ್, ಇನ್ನೂ ಇಲಿ ಹಂದಿಗಳ ಮಟ್ಟದಲ್ಲಿದೆ. ಉಳಿಯುವುದನ್ನು ಕಲಿಸಿದ ಜನ ಈಗ ಯಾವಾಗ ಸುಮ್ಮನಿರಬೇಕೆಂಬುದನ್ನು ಅಣುವಿಗೆ ಕಲಿಸಲು ಕೂತಿದ್ದಾರೆ. ನನಗೆ ತಿಂಗಳ ಸೂಜಿಗಿಂತ ಇದರಲ್ಲಿ ಆಸಕ್ತಿ ಹೆಚ್ಚು. ಊಟದ ಹೊತ್ತಿಗೆ ಎದ್ದು, ಪಾರಣೆಯ ಹೊತ್ತಿಗೆ ದಾರಿ ಬಿಟ್ಟು ನಿಲ್ಲುವಂಥದ್ದು ಹಸಿವಿಗೂ ಬಂದೀತೇ ಎಂದು ಸಾಹುಕಾರರಿಗೆ ಹೇಳಿದೆ. ಬಂದರೆ ತಮಗೇ ಮೊದಲು ಎತ್ತಿಡಬೇಕಂತೆ, ಉಧಾರಿಯ ಮೇಲೆ.